ಒಂಟಿ ತಾಯಿಯ ಕಥೆ, ಮನೆಮಂದಿಯ ನಗೆ: ಪ್ರೇಕ್ಷಕರ ಎರಡು ನೋಟಗಳು

ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮನರಂಜನೆ ಮೂರು ಭಾಷೆಗಳಿಂದ ಒದಗುತ್ತದೆ. ಹಿರಿಯರಿಗೆ ಕನ್ನಡ ಚಿತ್ರದ ಹಂಬಲ, ಮಕ್ಕಳಿಗೆ ಹಿಂದಿಯ ಸೆಳೆತ. ನೆರೆಹೊರೆಯ ಒಡನಾಟದಿಂದಾಗಿ ಗುಜರಾತಿ ನಾಟಕವೂ ಅಪರಿಚಿತವಲ್ಲ. ಅಹಮದಾಬಾದಿನ ಟಾಗೋರ್ ಹಾಲ್, ಸೂರತ್ತಿನ ಗಾಂಧಿ ಸ್ಮೃತಿ ಭವನಗಳು ಇಲ್ಲಿನ ರಂಗಪ್ರಿಯರಿಗೆಲ್ಲ ಪರಿಚಿತ ಹೆಸರುಗಳು.

ಮೂರು ತಲೆಮಾರುಗಳು ಒಟ್ಟಿಗೆ ಕುಳಿತು ನೋಡುವಾಗ, ಪತಿಯ ಆಸರೆಯಿಲ್ಲದೆ ಮಗುವನ್ನು ಬೆಳೆಸುವ ಹೆಣ್ಣಿನ ಕಥೆ ನಗೆಯ ಲೇಪದೊಂದಿಗೆ ಬಂದರೆ ಅಭಿಪ್ರಾಯಗಳು ಎರಡಾಗುವುದು ಸಹಜ. ಗಂಭೀರ ವಿಷಯವನ್ನು ಹಗುರಗೊಳಿಸಿ ತಪ್ಪು ಮಾದರಿ ಕೊಟ್ಟರೆಂಬುದು ಒಂದು ನೋಟ; ಹಗುರವಾಗಿ ಹೇಳಿದ್ದರಿಂದಲೇ ಮನೆಯಲ್ಲಿ ಈ ಮಾತು ಆಡಲು ಸಾಧ್ಯವಾಯಿತೆಂಬುದು ಇನ್ನೊಂದು. ನಾಲ್ಕು ಚಿತ್ರಗಳನ್ನು ಮುಂದಿಟ್ಟುಕೊಂಡು ಈ ಎರಡು ನೋಟಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗುಜರಾತಿ ರಂಗಭೂಮಿಯ ಕೊಡುಗೆ

2018ರ ಅಕ್ಟೋಬರ್‌ನಲ್ಲಿ ತೆರೆಕಂಡ 'ಹೆಲಿಕಾಪ್ಟರ್ ಈಲಾ' ಹಿಂದಿ ಚಿತ್ರಕ್ಕೆ ಆಧಾರ ಆನಂದ್ ಗಾಂಧಿಯವರ ಗುಜರಾತಿ ನಾಟಕ 'ಬೇಟಾ ಕಾಗ್ಡೊ'. ಕಾಗ್ಡೊ ಎಂದರೆ ಕಾಗೆ. ಗುಜರಾತಿ ಮನೆಗಳಲ್ಲಿ ಹೇಳುವ ಒಂದು ಕಥೆಯುಂಟು: 'ಅಪ್ಪಾ, ಕಾಗೆ' ಎಂದು ಮಗು ಎಷ್ಟು ಬಾರಿ ಹೇಳಿದರೂ ತಂದೆ ಬೇಸರಿಸದೆ ಓಗೊಡುತ್ತಾನೆ, ಮುಪ್ಪಿನಲ್ಲಿ ತಂದೆ ಅದನ್ನೇ ಹೇಳಿದಾಗ ಮಗ ಸಿಡುಕುತ್ತಾನೆ. ನಾಟಕದ ಹೆಸರು ಆ ಕಥೆಯನ್ನು ನೆನಪಿಸುತ್ತದೆ.

ಪ್ರದೀಪ್ ಸರ್ಕಾರ್ ನಿರ್ದೇಶಿಸಿದ ಈ ಚಿತ್ರದಲ್ಲಿ ಕಾಜೋಲ್ ಅವರದು ಗಾಯಕಿಯಾಗುವ ಕನಸು ಬಿಟ್ಟು ಮಗನಿಗಾಗಿಯೇ ಬದುಕುವ ತಾಯಿಯ ಪಾತ್ರ. ಕೊನೆಗೆ ಆಕೆ ಮಗನ ಕಾಲೇಜಿಗೇ ಸೇರುತ್ತಾಳೆ. ತಾಯಂದಿರಿಗೆ ಇದು ತಮ್ಮದೇ ಕಥೆಯಾಗಿ ಕಂಡರೆ, ಕಾಲೇಜಿಗೆ ಹೋಗುವ ಮಕ್ಕಳು ಮಗನ ಪರ ವಹಿಸುತ್ತಾರೆ. ಆದರೆ ಸಾವಿನ ಭಯವೆಂಬ ನೆಪದಿಂದ ಮನೆ ಬಿಟ್ಟ ಗಂಡನನ್ನು ಚಿತ್ರ ಬೇಗನೆ ಮರೆಯುತ್ತದೆ. ಬದಲಾಗಬೇಕಾದವಳು ತಾಯಿಯೊಬ್ಬಳೇ ಎಂಬಂತೆ ಮುಗಿಯುತ್ತದೆ. ಈ ಆಕ್ಷೇಪದಲ್ಲಿ ಹುರುಳಿದೆ.

ಪ್ರಣಯ, ಪರಿವಾರ ಮತ್ತು 'ಕ್ಯಾ ಕೆಹನಾ'

ಇದಕ್ಕಿಂತ 18 ವರ್ಷ ಹಿಂದೆ, 2000ದ ಮೇ ತಿಂಗಳಲ್ಲಿ, ಕುಂದನ್ ಷಾ ನಿರ್ದೇಶನದ 'ಕ್ಯಾ ಕೆಹನಾ' ಬಂದಿತ್ತು. ತಮಾಷೆ, ಹಾಡು, ಪ್ರೇಮಗಳಿಂದ ಆರಂಭವಾಗುವ ಕಥೆ, ಅವಿವಾಹಿತ ವಿದ್ಯಾರ್ಥಿನಿಯೊಬ್ಬಳು ಗರ್ಭಿಣಿಯಾದಾಗ ದಿಕ್ಕು ಬದಲಿಸುತ್ತದೆ. ಪ್ರೀತಿ ಜಿಂಟಾ ನಿರ್ವಹಿಸಿದ ಪ್ರಿಯಾಳನ್ನು ಮನೆಯವರು ಮೊದಲು ಹೊರದೂಡಿ, ಬಳಿಕ ತಾವೇ ಕರೆತಂದು ಊರಿನೆದುರು ಅವಳ ಬೆನ್ನಿಗೆ ನಿಲ್ಲುತ್ತಾರೆ. ಮಗುವಿನ ತಂದೆ ಪಶ್ಚಾತ್ತಾಪದಿಂದ ಮರಳಿದಾಗ ಪ್ರಿಯಾ ಅವನನ್ನು ನಿರಾಕರಿಸಿ, ಕಷ್ಟಕಾಲದಲ್ಲಿ ಜೊತೆಗಿದ್ದ ಗೆಳೆಯನನ್ನು ವರಿಸುತ್ತಾಳೆ. ಹಿರಿಯರಿಗೆ ಮೊದಲರ್ಧ ಮುಜುಗರ ತಂದರೂ, ತಂದೆ ಮಗಳನ್ನು ಮರಳಿ ಕರೆತರುವ ಭಾಗದಲ್ಲಿ ಕಣ್ಣೊದ್ದೆಯಾಗದವರು ವಿರಳ.

ಆಣಂದದ ನೆನಪು ತರುವ 'ಮಿಮಿ'

ಅಹಮದಾಬಾದಿನಿಂದ ವಡೋದರೆಗೆ ರೈಲಿನಲ್ಲಿ ಹೋಗುವವರು ಆಣಂದವನ್ನು ಹಾಲಿನ ಊರೆಂದು ಬಲ್ಲರು. 2004ರಲ್ಲಿ ಇಲ್ಲಿ ಮಹಿಳೆಯೊಬ್ಬರು ತಮ್ಮ ಮಗಳ ಅವಳಿ ಮಕ್ಕಳನ್ನು ತಾವೇ ಹೊತ್ತು ಹೆತ್ತ ಬಳಿಕ, ಈ ಊರು ಬಾಡಿಗೆ ತಾಯ್ತನಕ್ಕೂ ಜಗತ್ತಿನಾದ್ಯಂತ ಹೆಸರಾಯಿತು. 2021ರ ಜುಲೈನಲ್ಲಿ ಬಂದ 'ಮಿಮಿ' ಹಾಸ್ಯಚಿತ್ರದ ಕಥೆ ರಾಜಸ್ಥಾನದಲ್ಲಿ ನಡೆದರೂ ಇಲ್ಲಿನವರಿಗೆ ಆಣಂದ ನೆನಪಾಗದಿರದು. 2011ರ ಮರಾಠಿ ಚಿತ್ರ 'ಮಲಾ ಆಯಿ ವ್ಹಾಯ್ಚಯ್' ಇದಕ್ಕೆ ಮೂಲ. ವಿದೇಶಿ ದಂಪತಿ ಮಗುವನ್ನು ಬೇಡವೆಂದು ಹಿಂದೆ ಸರಿದಾಗ, ನಟಿಯಾಗುವ ಆಸೆ ಹೊತ್ತ ನರ್ತಕಿ ಆ ಮಗುವಿಗೆ ತಾಯಿಯಾಗುತ್ತಾಳೆ. ಕೃತಿ ಸನೋನ್ ಮತ್ತು ಪಂಕಜ್ ತ್ರಿಪಾಠಿ ಇಬ್ಬರಿಗೂ ಈ ಚಿತ್ರ ರಾಷ್ಟ್ರ ಪ್ರಶಸ್ತಿ ತಂದಿತು. ಮೆಚ್ಚಿದವರು ಮಮತೆಯನ್ನು ಮೆಚ್ಚಿದರು. ಒಪ್ಪದವರು, ತಾಯಿಯಾದೊಡನೆ ಹೆಣ್ಣು ತನ್ನ ಕನಸನ್ನು ಕೈಬಿಡಲೇಬೇಕೆ ಎಂದು ಕೇಳಿದರು.

ನಮ್ಮ 'ಗೌರಿ ಗಣೇಶ'

ಕನ್ನಡದಲ್ಲಿ ಈ ವಸ್ತುವನ್ನು ನಗೆಗೆ ಒಗ್ಗಿಸಿದ ಜನಪ್ರಿಯ ಚಿತ್ರ ಫಣಿ ರಾಮಚಂದ್ರರ 'ಗೌರಿ ಗಣೇಶ' (1991). ಅನಂತನಾಗ್ ಅಭಿನಯದ ಲಂಬೋದರ, ತೀರಿಹೋದ ಗೌರಿಯ ಹೆಸರು ಹೇಳಿ ಮೂವರು ಗೃಹಸ್ಥರಿಗೆ 'ಈ ಮಗು ನಿಮ್ಮದೇ' ಎಂದು ಬೇರೆ ಬೇರೆಯಾಗಿ ನಂಬಿಸುತ್ತಾನೆ. ಒಬ್ಬ ತಾಯಿ, ಮೂವರು ಶಂಕಿತ ತಂದೆಯರು ಎಂಬ ಹೂರಣ 1968ರ 'ಬುವೋನಾ ಸೆರಾ, ಮಿಸೆಸ್ ಕ್ಯಾಂಬೆಲ್' ಮತ್ತು 2008ರ 'ಮಮ್ಮಾ ಮಿಯಾ' ಚಿತ್ರಗಳಲ್ಲೂ ಇದೆ. ಆದರೆ ಅಲ್ಲಿ ತಾಯಿ ಜೀವಂತವಾಗಿದ್ದು ಕಥೆಯ ನಡುವೆ ನಿಂತಿದ್ದಾಳೆ. ನಮ್ಮಲ್ಲಿ ಆಕೆಯ ಪರವಾಗಿ ಮಾತನಾಡುವವರೆಲ್ಲ ಗಂಡಸರು. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದು ಮೂವರು ಗಂಡಂದಿರ ಪೇಚಾಟಕ್ಕೆ; ಗೌರಿಯ ಪಾಡನ್ನು ಕೇಳಿದವರು ಕಡಿಮೆ.

ನಗೆಗೆ ಮುನ್ನ ತೀರ್ಪು

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಈಲಾ ಮದುವೆಯಾದವಳು, ಮಿಮಿಯ ಗರ್ಭ ವೈದ್ಯಕೀಯ ವಿಧಾನದ್ದು, ಗೌರಿ ಬದುಕಿಲ್ಲ. ತಾಯಿ ನಿರಪರಾಧಿ ಎಂದು ಕಥೆಗಾರ ಮೊದಲೇ ತೀರ್ಪು ಕೊಟ್ಟ ಮೇಲೆಯೇ ನಾವು ನಿಶ್ಚಿಂತೆಯಿಂದ ನಗುತ್ತೇವೆ. ಆ ರಿಯಾಯಿತಿಯಿಲ್ಲದೆ ಬಂದವಳು ಪ್ರಿಯಾ ಒಬ್ಬಳೇ. ಅವಳ ಚಿತ್ರದಲ್ಲಿಯೇ ನಗೆ ಬೇಗ ನಿಂತುಹೋಗುತ್ತದೆ. ಆದ್ದರಿಂದ ಪ್ರೇಕ್ಷಕರ ಭಿನ್ನಾಭಿಪ್ರಾಯ ಹಾಸ್ಯದ ಕುರಿತಾದದ್ದಲ್ಲ, ಕ್ಷಮೆ ಯಾರಿಗೆ ಸಲ್ಲಬೇಕು ಎಂಬುದರ ಕುರಿತಾದದ್ದು.

ಕಾನೂನು ಈ ಪ್ರಶ್ನೆಯನ್ನು ಬಹುಮಟ್ಟಿಗೆ ದಾಟಿದೆ. ಅವಿವಾಹಿತ ತಾಯಿ ತಂದೆಯ ಹೆಸರನ್ನು ಬಹಿರಂಗಪಡಿಸದೆಯೇ ಮಗುವಿನ ಪೋಷಕಳಾಗಬಹುದೆಂದು ಸರ್ವೋಚ್ಚ ನ್ಯಾಯಾಲಯ 2015ರ ಜುಲೈನಲ್ಲಿ ತೀರ್ಪಿತ್ತಿತು. 2016ರ ಡಿಸೆಂಬರ್‌ನಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಪಾಸ್‌ಪೋರ್ಟ್ ಅರ್ಜಿಗೆ ಪೋಷಕರಲ್ಲಿ ಒಬ್ಬರ ಹೆಸರು ಸಾಕು. ತಾಯಿಯೊಬ್ಬಳೇ ಪೋಷಕಳಾಗಿದ್ದರೆ ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು 2018ರ ಡಿಸೆಂಬರ್‌ನಿಂದ ಕಡ್ಡಾಯವಲ್ಲ. ಆದರೆ 2021ರ ಬಾಡಿಗೆ ತಾಯ್ತನ ಕಾಯಿದೆ ಒಂಟಿ ಮಹಿಳೆಯರಲ್ಲಿ 35ರಿಂದ 45 ವಯಸ್ಸಿನ ವಿಧವೆ ಅಥವಾ ವಿಚ್ಛೇದಿತೆಗೆ ಮಾತ್ರ ಅವಕಾಶ ನೀಡಿ, ಅವಿವಾಹಿತೆಯನ್ನು ಹೊರಗಿಟ್ಟಿದೆ.

ಸಂಘದ ಸಭೆಗಳಲ್ಲಿ, ಮನೆಯ ಹಜಾರಗಳಲ್ಲಿ ಇಂತಹ ಚಿತ್ರ ನೋಡುವಾಗ ನಮ್ಮ ಪಕ್ಕದ ಕುರ್ಚಿಯಲ್ಲಿ ತಾಯಿಯೊಡನೆ ಮಾತ್ರ ಬೆಳೆಯುತ್ತಿರುವ ಮಗುವೊಂದು ಕುಳಿತಿರಬಹುದು. ಚಿತ್ರ ಮುಗಿದ ಮೇಲೆ ನಾವಾಡುವ ಮಾತುಗಳನ್ನು ಅದು ಕೇಳಿಸಿಕೊಳ್ಳುತ್ತದೆ. 'ಅವಳು ಮಾಡಿದ್ದು ಸರಿಯೇ' ಎಂಬ ಪ್ರಶ್ನೆಯ ಬದಲು 'ಅವಳ ಜೊತೆಗೆ ಯಾರು ನಿಂತರು' ಎಂಬ ಪ್ರಶ್ನೆಯಿಂದ ಮಾತು ಆರಂಭಿಸಿದರೆ, ಆ ಮಗುವೂ ಅದರ ತಾಯಿಯೂ ಮುಂದಿನ ಬಾರಿಯೂ ನಮ್ಮೊಡನೆ ಕುಳಿತು ನಗುತ್ತಾರೆ.