ಮೂರನೇ ಒಂದು ಮತದ ಕೊರತೆ

1970ರ ಸೆಪ್ಟೆಂಬರ್ 5. ರಾಜ್ಯಸಭೆಯಲ್ಲಿ ಎಣಿಕೆ ಮುಗಿದಾಗ ಮಸೂದೆಯ ಪರ 149 ಮತ, ವಿರುದ್ಧ 75. ಗೆದ್ದವರಾರೆಂದು ಶಾಲೆಯ ಹುಡುಗನನ್ನು ಕೇಳಿದರೂ ಹೇಳಿಯಾನು. ಆದರೂ ಮಸೂದೆ ಬಿದ್ದುಹೋಯಿತು.

ಅದು ಮಾಜಿ ಅರಸರ ರಾಜಧನವನ್ನು, ಅಂದರೆ ಪ್ರಿವಿ ಪರ್ಸನ್ನು, ನಿಲ್ಲಿಸುವ ಮಸೂದೆ. ನಮ್ಮ ಮೈಸೂರಿನ ಒಡೆಯರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ನಿಗದಿಯಾಗಿತ್ತು. ಸಂಸ್ಥಾನಗಳು ಭಾರತದೊಳಗೆ ಸೇರುವಾಗ ಕೊಟ್ಟ ಮಾತು ಅದು. ಸಂವಿಧಾನದ 291ನೆಯ ವಿಧಿಯಲ್ಲೇ ಬರೆದಿಟ್ಟದ್ದು. ಹಾಗಾಗಿ ಅದನ್ನು ತೆಗೆಯಲು ಸಂವಿಧಾನವನ್ನೇ ತಿದ್ದಬೇಕಿತ್ತು.

ಇಲ್ಲಿಯೇ 'ಬಹುಮತ' ಎಂಬ ಮಾತಿನ ಅರ್ಥ ಬದಲಾಗುವುದು. ಸಾಮಾನ್ಯ ಮಸೂದೆಗೆ, ಸದನದಲ್ಲಿದ್ದು ಮತ ಹಾಕಿದವರಲ್ಲಿ ಅರ್ಧಕ್ಕಿಂತ ಒಬ್ಬರು ಹೆಚ್ಚಿದ್ದರೆ ಸಾಕು. ತಿದ್ದುಪಡಿಗೆ 368ನೆಯ ವಿಧಿ ಎರಡು ಅಳತೆ ಹಾಕುತ್ತದೆ: ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು; ಜೊತೆಗೆ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಮೊದಲನೆಯದನ್ನು 149 ಸುಲಭವಾಗಿ ದಾಟಿತ್ತು. ಎರಡನೆಯದಕ್ಕೆ ಲೆಕ್ಕ ಹಾಕಿ ನೋಡಿ: ಮತ ಹಾಕಿದವರು 224, ಅದರ ಮೂರನೇ ಎರಡು ಎಂದರೆ 149 ಮತ್ತು ಮೂರನೇ ಒಂದು. ಮನುಷ್ಯನನ್ನು ಮೂರು ಪಾಲು ಮಾಡಲಾಗದಲ್ಲ, 150 ಬೇಕಿತ್ತು!

ವಿರೋಧಿಗಳಲ್ಲಿ ಒಬ್ಬರು ಮತ ಹಾಕದೆ ಹೊರಗೆ ಚಹಾ ಕುಡಿಯುತ್ತ ನಿಂತಿದ್ದರೂ ಮಸೂದೆ ಗೆಲ್ಲುತ್ತಿತ್ತು. ಪರವಾಗಿದ್ದವರು ಆಗಲೂ ಅದೇ 149. ಎಷ್ಟು ಮಂದಿ ಎನ್ನುವುದರ ಜೊತೆಗೆ ಯಾರೊಳಗೆ ಎಷ್ಟು ಮಂದಿ ಎಂಬುದನ್ನೂ ಕಾನೂನು ಕೇಳುತ್ತದೆ. 'ನಮಗೆ ಬಹುಮತವಿದೆ' ಎಂದು ಗುಡುಗುವವರು ಈ ಎರಡನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. (ನಮ್ಮ ಹೌಸಿಂಗ್ ಸೊಸೈಟಿಯ ಸಭೆಗಳಲ್ಲೂ ಜಗಳ ಹುಟ್ಟುವುದು ಇಲ್ಲಿಂದಲೇ.)

ಇಂದಿರಾ ಗಾಂಧಿಯವರ ಸರ್ಕಾರ ಕಾಯಲಿಲ್ಲ. ಮರುದಿನವೇ ರಾಷ್ಟ್ರಪತಿ ವಿ. ವಿ. ಗಿರಿಯವರ ಆದೇಶ ಹೊರಟು, ಅರಸರ ಮಾನ್ಯತೆ ಒಟ್ಟಿಗೇ ರದ್ದಾಯಿತು. ಸದನ ಕೊಡದಿದ್ದನ್ನು ಕಾಗದವೊಂದು ಕೊಟ್ಟಂತಾಯಿತು. ರಾಜಧನ ಉಳಿಯಬೇಕಿತ್ತೆಂದು ನಾನು ಹೇಳಲಾರೆ. ಆದರೆ ಆ ಹಿತ್ತಲ ಬಾಗಿಲು ನನಗೆ ಒಪ್ಪಿಗೆಯಾಗುವುದಿಲ್ಲ. ಸುಪ್ರೀಂ ಕೋರ್ಟಿಗೂ ಒಪ್ಪಿಗೆಯಾಗಲಿಲ್ಲ. ಡಿಸೆಂಬರ್ 15ರಂದು, ಮಾಧವರಾವ್ ಸಿಂಧಿಯಾ ಮೊಕದ್ದಮೆಯಲ್ಲಿ, ಅದು ಆದೇಶವನ್ನು ಹೊಡೆದುಹಾಕಿತು.

ಅದೇ ತಿಂಗಳು ಲೋಕಸಭೆ ವಿಸರ್ಜನೆಯಾಯಿತು. 1971ರ ಚುನಾವಣೆಯಲ್ಲಿ ಇಂದಿರಾ ಅವರ ಪಕ್ಷ 352 ಸ್ಥಾನ ಗೆದ್ದು ಬಂತು. ಆ ವರ್ಷದ ಕೊನೆಗೆ 26ನೆಯ ತಿದ್ದುಪಡಿ ಎರಡೂ ಸದನಗಳಲ್ಲಿ ಎರಡೂ ಅಳತೆ ದಾಟಿತು, ರಾಜಧನ ನಿಂತುಹೋಯಿತು.