ಮಾರಿಯೋ: ಒಂದು ಆಟದ ಚರಿತ್ರೆ

ಆಟಿಕೆಗಳ ಚರಿತ್ರೆಯನ್ನು ಬರೆಯುವುದು ವಿದ್ವಾಂಸರಿಗೆ ತಕ್ಕ ಕಾರ್ಯವಲ್ಲವೆಂದು ಎಣಿಸುವವರುಂಟು. ಆದರೆ ಪಗಡೆ, ಚದುರಂಗಗಳ ಇತಿಹಾಸವನ್ನು ಆದರದಿಂದ ಓದುವವರು ವಿಡಿಯೋ ಗೇಮನ್ನು ಮಾತ್ರ ಹೊರಗಿಡುವುದು ನ್ಯಾಯವಲ್ಲ. ೧೯೮೫ನೆಯ ಇಸವಿ ಸೆಪ್ಟೆಂಬರ್ ೧೩ರಂದು ಜಪಾನಿನಲ್ಲಿ ಹೊರಬಂದ ‘ಸೂಪರ್ ಮಾರಿಯೋ ಬ್ರದರ್ಸ್’ ಇಂತಹ ವಿಚಾರಕ್ಕೆ ಅರ್ಹವಾದುದು.

ಇದನ್ನು ಪ್ರಕಟಿಸಿದ ನಿಂಟೆಂಡೋ ಸಂಸ್ಥೆಯು ೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಹುಟ್ಟಿತು. ಆಗ ಹೂವಿನ ಚಿತ್ರಗಳುಳ್ಳ ಆಟದೆಲೆಗಳನ್ನು ಮಾಡುವುದೇ ಅದರ ಕಸುಬು. ೧೯೭೭ರಲ್ಲಿ ಅಲ್ಲಿಗೆ ಸೇರಿದ ಶಿಗೆರು ಮಿಯಾಮೊಟೋ ಅವರು ೧೯೮೧ರ ‘ಡಾಂಕಿ ಕಾಂಗ್’ ಆಟಕ್ಕಾಗಿ ಒಬ್ಬ ಬಡಗಿಯನ್ನು ಕಲ್ಪಿಸಿದರು. ಅವನ ರೂಪವನ್ನು ಬರೆಯಲು ದೊರೆತ ಚುಕ್ಕೆಗಳು ಅತ್ಯಲ್ಪ. ಬಾಯಿಗೆ ಎಡೆಯಿಲ್ಲದೆ ಮೀಸೆ ಬಂದಿತು. ಕೂದಲಿನ ತೊಡಕನ್ನು ಕಳೆಯಲು ಟೊಪ್ಪಿಗೆ ಬಂದಿತು. ಮುಂದೆ ಕೊಳಾಯಿ ಕೆಲಸದ ಮಾರಿಯೋ ಆದವನು ಈ ಬಡಗಿಯೇ. ಜಗತ್ತೆಲ್ಲ ಗುರುತಿಸುವ ಆ ಮುಖವು ಹೀಗೆ ಬಡತನದ ಕೂಸು.

೧೯೮೫ರಲ್ಲಿಯೂ ಬಡತನ ನೀಗಿರಲಿಲ್ಲ. ಎಂಟು ಲೋಕಗಳು, ಒಟ್ಟು ೩೨ ಘಟ್ಟಗಳು. ಇವೆಲ್ಲವೂ ೪೦ ಕಿಲೋಬೈಟುಗಳಲ್ಲಿ ಅಡಗಬೇಕಾಯಿತು. ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸುರು ಬಳಿದರೆ ಪೊದೆ!

ಪಕ್ಕಕ್ಕೆ ಸರಿಯುವ ಲೋಕದಲ್ಲಿ ಓಡಿ ನೆಗೆಯುವ ಆಟಗಳಲ್ಲಿ ಇದೇ ಮೊದಲನೆಯದೆಂಬುದು ಸರಿಯಲ್ಲ. ನಾಮ್ಕೋ ಸಂಸ್ಥೆಯ ‘ಪ್ಯಾಕ್-ಲ್ಯಾಂಡ್’ ೧೯೮೪ರಲ್ಲಿಯೇ ಬಂದಿತ್ತು. ಇದರ ಹಿರಿಮೆ ಬೇರೆಡೆಯಲ್ಲಿದೆ. ಮೊದಲನೆಯ ಘಟ್ಟದಲ್ಲಿ ಮಾರಿಯೋ ಎಡಬದಿಯಲ್ಲಿ ಬಲಕ್ಕೆ ಮುಖಮಾಡಿ ನಿಂತಿರುವನು, ಮುಂದೆ ಬಯಲು. ಎತ್ತ ನಡೆಯಬೇಕೆಂದು ಯಾರೂ ಹೇಳಬೇಕಾಗಿಲ್ಲ. ಎದುರಿನಿಂದ ವೈರಿಯೊಂದು ಮೆಲ್ಲನೆ ಬರುವುದು. ಹೊಸಬನು ತಗುಲಿ ಸಾಯುವನು. ಕಳೆದುಕೊಂಡುದು ಕೆಲವೇ ಕ್ಷಣ. ಮರಳಿ ಬಂದು ನೆಗೆಯುವನು. ತಲೆಯ ಮೇಲೆ ಬಿದ್ದರೆ ವೈರಿಯೇ ಅಳಿಯುವುದೆಂದು ಕಾಣುವನು. ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಯನ್ನು ಗುದ್ದಿದರೆ ಅಣಬೆಯೊಂದು ಹೊರಡುವುದು. ಅದನ್ನೂ ವೈರಿಯೆಂದು ಬೆದರುವವನಿಗೆ ಸಹ ಅದು ದಕ್ಕಬೇಕಷ್ಟೆ. ಅದಕ್ಕಾಗಿ ಅಣಬೆಯು ಕೊಳವೆಗೆ ಬಡಿದು ಹಿಂದಿರುಗುವುದು, ಮೇಲಿನ ಇಟ್ಟಿಗೆಗಳು ನೆಗೆದು ತಪ್ಪಿಸಿಕೊಳ್ಳಗೊಡವು. ಮುಟ್ಟಿದೊಡನೆ ಮಾರಿಯೋ ದೊಡ್ಡವನಾಗುವನು. ಮುಂದೆ ಎರಡು ಮೆಟ್ಟಲುದಿಬ್ಬಗಳ ನಡುವೆ ಗಟ್ಟಿ ನೆಲ. ಅಂತಹುದೇ ಮತ್ತೊಂದು ಜೋಡಿಯ ನಡುವೆ ಪ್ರಪಾತ. ಅಪಾಯವಿಲ್ಲದ ನೆಗೆತ ಮೊದಲು, ಅಪಾಯದ ನೆಗೆತ ಆಮೇಲೆ. ಬೆತ್ತದಲ್ಲಿ ನಂಬಿಕೆಯಿಟ್ಟ ಉಪಾಧ್ಯಾಯರು ಈ ಪಾಠಕ್ರಮವನ್ನು ಒಮ್ಮೆ ನೋಡಬಹುದು.

೧೯೮೩ರಲ್ಲಿ ಅಮೆರಿಕದ ವಿಡಿಯೋ ಗೇಮ್ ವ್ಯಾಪಾರವು ಕುಸಿದು ಅಂಗಡಿಕಾರರು ಇಂತಹ ಸರಕಿಗೆ ಬೆನ್ನು ತಿರುಗಿಸಿದ್ದರು. ಅಲ್ಲಿ ಅದು ಮತ್ತೆ ತಲೆಯೆತ್ತಿದುದರಲ್ಲಿ ಮಾರಿಯೋವಿನ ಪಾಲು ದೊಡ್ಡದು. ೧೯೯೦ರಲ್ಲಿ ಜಾನ್ ಕಾರ್ಮ್ಯಾಕ್ ಎಂಬ ತರುಣರು ಸಾಮಾನ್ಯ ಕಂಪ್ಯೂಟರಿನಲ್ಲಿಯೂ ಪರದೆಯನ್ನು ನಯವಾಗಿ ಸರಿಸುವ ಉಪಾಯವನ್ನು ಕಂಡು, ಟಾಮ್ ಹಾಲ್ ಅವರೊಡನೆ ಮೂರನೆಯ ಮಾರಿಯೋ ಆಟದ ಮೊದಲ ಘಟ್ಟವನ್ನೇ ಅನುಕರಿಸಿದರು. ಕಂಪ್ಯೂಟರಿಗೆ ಮಾರಿಯೋವನ್ನು ತರಲು ನಿಂಟೆಂಡೋ ಒಪ್ಪಲಿಲ್ಲ. ಆ ಉಪಾಯದಿಂದಲೇ ಅದೇ ಡಿಸೆಂಬರಿನಲ್ಲಿ ‘ಕಮಾಂಡರ್ ಕೀನ್’ ಹೊರಬಂದಿತು; ಮರುವರ್ಷ ಇಡ್ ಸಾಫ್ಟ್‌ವೇರ್ ಸಂಸ್ಥೆ ಹುಟ್ಟಿತು.

೨೦೨೩ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಚಿರಕಾಲ ರಕ್ಷಿಸತಕ್ಕ ಧ್ವನಿಮುದ್ರಣಗಳ ಪಟ್ಟಿಗೆ ಕೋಜಿ ಕೊಂಡೋ ಅವರ ಮಾರಿಯೋ ಸಂಗೀತವನ್ನು ಸೇರಿಸಿತು. ವಿಡಿಯೋ ಗೇಮಿನ ಸಂಗೀತಕ್ಕೆ ಆ ಗೌರವ ಸಂದುದು ಅದೇ ಮೊದಲು. ಕೊಂಡೋ ಅವರ ಕೈಗೆ ದೊರೆತಿದ್ದುದು ಏಕಕಾಲದಲ್ಲಿ ಮೂರು ಸ್ವರಗಳು, ತಾಳಕ್ಕೊಂದು ಮೊರೆತ. ಮಾರಿಯೋ ನೆಗೆದ ಸದ್ದು ಕೇಳಬೇಕಾದರೆ ಅವುಗಳಲ್ಲೊಂದು ಸ್ವರ ಕ್ಷಣಕಾಲ ಮೌನವಾಗಬೇಕಾಗಿತ್ತು.