ಮೈಸೂರು–ಜಪಾನ್ ಹೋಲಿಕೆ

ಮೈಸೂರು ಸಂಸ್ಥಾನದ ಸಂಪತ್ತು, ವಿದ್ಯೆ, ಬದುಕಿನ ಮಟ್ಟಗಳನ್ನು ಜಪಾನಿನ ಪಕ್ಕದಲ್ಲಿಟ್ಟು ಅಳೆಯುವ ರೂಢಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಶುರುವಾಗಿ, ಕ್ರಮೇಣ ಭಾರತ–ಜಪಾನ್ ಹೋಲಿಕೆಯಾಗಿ ಹಿಗ್ಗಿ, ಸಂಸ್ಥಾನ ಹೋಗಿ ರಾಜ್ಯ ಬಂದ ಮೇಲೂ ನಡೆದಿದೆ. ಈ ವಿಷಯದ ಬರಹಗಳು ಸಾಮಾನ್ಯವಾಗಿ ಎರಡು ಕಡೆ ಹಂಚಿಹೋಗಿವೆ. ವಿಶ್ವೇಶ್ವರಯ್ಯನವರ ಗುಣಗಾನ ಮಾಡುವ ಜೀವನಚರಿತ್ರೆಗಳು ಒಂದು ಕಡೆ, ಆಮದು ರಫ್ತಿನ ಅಂಕಿಗಳ ವರದಿಗಳು ಇನ್ನೊಂದು ಕಡೆ. ಏನನ್ನು ಹೋಲಿಸಿದರು, ಏನನ್ನು ಬಿಟ್ಟರು ಎಂಬ ಪ್ರಶ್ನೆ ಇವೆರಡರ ನಡುವೆ ಕಳೆದುಹೋಗುತ್ತದೆ. ಈ ಲೇಖನ ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದ್ದು. ಜಪಾನಿನಲ್ಲಿ ಮೈಜಿ ಆಳ್ವಿಕೆ 1868ರಲ್ಲಿ ಬಂತು. 1872ರಲ್ಲಿ ಎಲ್ಲ ಮಕ್ಕಳಿಗೂ ಶಾಲೆ ಎಂಬ ಶಾಸನವಾಯಿತು. ಅದೇ ದಶಕದಲ್ಲಿ, ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದ ಮೈಸೂರು 1876–78ರ ಬರಕ್ಕೆ ಸಿಕ್ಕಿ ನಲುಗಿತು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಜನಸಂಖ್ಯೆ 1881ರ ಎಣಿಕೆಗೆ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ರಾಜ್ಯ ಒಡೆಯರಿಗೆ ಮರಳಿದ್ದು ಆ ವರ್ಷವೇ. ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದದ್ದೂ ಅದೇ ವರ್ಷ. ಜಪಾನಿನ ಸಂಸತ್ತು ಮೊದಲು ಸೇರಿದ್ದು 1890ರಲ್ಲಿ. ಇದನ್ನು ಹಿಡಿದು ‘ನಾವೇ ಮುಂದಿದ್ದೆವು’ ಎನ್ನುವವರುಂಟು. ಆದರೆ ಪ್ರಜಾಪ್ರತಿನಿಧಿ ಸಭೆ ಅಹವಾಲು ಕೇಳುವ ಸಭೆಯಾಗಿತ್ತು, ಕಾಯಿದೆ ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಅದಕ್ಕೆಂದು ಬೇರೆ ಶಾಸನ ಪರಿಷತ್ತು ಬಂದದ್ದು 1907ರಲ್ಲಿ. ಹಾಗಾಗಿ ಈ ಮೇಲುಗೈ ಅಷ್ಟೇನೂ ಗಟ್ಟಿಯಲ್ಲ.

ಹೋಲಿಕೆಯ ಹೆಸರು ಬಂದಲ್ಲೆಲ್ಲ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರೂ ಬರುತ್ತದೆ. ಅವರ ಜಪಾನ್ ಪ್ರವಾಸಗಳು ಜನಪ್ರಿಯ ಬರಹಗಳಲ್ಲಿ ಒಂದರೊಳಗೊಂದು ಕಲಸಿಹೋಗಿವೆ. ಮೊದಲ ಸಲ ಅವರು ಹೋದದ್ದು 1898ರಲ್ಲಿ. ಆಗ ಅವರು ಮೈಸೂರಿನ ನೌಕರರಲ್ಲ, ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯ ಎಂಜಿನಿಯರು. ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ‘ಮಹಾರಾಜರು ಅವರನ್ನು ಜಪಾನಿಗೆ ಕಳಿಸಿದರು’ ಎಂಬ ಮಾತು 1898ಕ್ಕೆ ಹೊಂದುವುದಿಲ್ಲ. ದಿವಾನಗಿರಿ ಬಿಟ್ಟ ಮೇಲೆ, 1919ರಲ್ಲಿ, ಜಪಾನ್, ಅಮೆರಿಕ, ಯೂರೋಪುಗಳನ್ನು ಸುತ್ತಿಬಂದರು. 1920ರಲ್ಲಿ ಅಚ್ಚಾದ ‘ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಈ ಎರಡನೆಯ ಸುತ್ತಿನ ಫಲ. ಅದರಲ್ಲಿ ಹೋಲಿಕೆಗೆ ನಿಂತದ್ದು ಮೈಸೂರಲ್ಲ, ಇಡೀ ಭಾರತ. ಎದುರಿಗೆ ಜಪಾನಿನ ಜೊತೆ ಕೆನಡಾ ಮೊದಲಾದ ದೇಶಗಳೂ ಇದ್ದವು. 1934ರ ‘ಪ್ಲಾನ್ಡ್ ಇಕಾನಮಿ ಫಾರ್ ಇಂಡಿಯಾ’ದಲ್ಲಿ ಅದೇ ಜಾಡು ಮುಂದುವರಿಯಿತು.

ಮೈಸೂರನ್ನೇ ಜಪಾನಿನ ಎದುರು ನಿಲ್ಲಿಸಿ ಮಾತಾಡಿದ ಕಾಲವೆಂದರೆ ಮೈಸೂರು ಆರ್ಥಿಕ ಸಮ್ಮೇಳನದ್ದು. 1911ರ ಜೂನಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇದನ್ನು ಆರಂಭಿಸಿದರು; ವಿದ್ಯೆ, ಕೃಷಿ, ಕೈಗಾರಿಕೆ–ವ್ಯಾಪಾರ ಎಂದು ಮೂರು ಸಮಿತಿಗಳಾದವು. ಮುಂದಿನ ಏಳೆಂಟು ವರ್ಷಗಳ ಪಟ್ಟಿ ಬಾಯಿಪಾಠವಾಗುವಷ್ಟು ಪರಿಚಿತ: 1913ರಲ್ಲಿ ಮೈಸೂರು ಬ್ಯಾಂಕ್ ಮತ್ತು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ, 1916ರಲ್ಲಿ ವಿಶ್ವವಿದ್ಯಾನಿಲಯ, ಅದರ ಹಿಂದುಮುಂದೆ ಗಂಧದೆಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳು, 1923ರಲ್ಲಿ ಭದ್ರಾವತಿಯ ಕಬ್ಬಿಣ. 1911ರ ಜನಗಣತಿಯಂತೆ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ. ಜಪಾನಿನಲ್ಲಿ ಅಷ್ಟು ಹೊತ್ತಿಗೆ ಶಾಲೆಯ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಶಾಲೆ ಸೇರಿದ್ದರು. ಈ ಅಂತರವೇ ಆ ಕಾಲದ ಹೋಲಿಕೆಯ ಜೀವಾಳ.

ಆದರೆ ತಕ್ಕಡಿಯ ಎರಡು ತಟ್ಟೆಗಳೂ ಒಂದೇ ಬಗೆಯವಲ್ಲ. ಮೈಸೂರಿನ ಜನ ಆಗ ಸುಮಾರು 58 ಲಕ್ಷ, ಜಪಾನಿನವರು ಸುಮಾರು 5 ಕೋಟಿ. ಅದಕ್ಕಿಂತ ದೊಡ್ಡ ವ್ಯತ್ಯಾಸ ಸುಂಕದ ಕಟ್ಟೆಯಲ್ಲಿತ್ತು. ಪಶ್ಚಿಮದ ದೇಶಗಳು ಹೇರಿದ್ದ ಒಪ್ಪಂದಗಳಿಂದಾಗಿ ಜಪಾನಿಗೂ ತನ್ನ ಆಮದು ಸುಂಕವನ್ನು ತಾನೇ ನಿಗದಿ ಮಾಡುವ ಹಕ್ಕು ಬಹುಕಾಲ ಇರಲಿಲ್ಲ. ಅದು ಪೂರ್ತಿಯಾಗಿ ಕೈಸೇರಿದ್ದು 1911ರಲ್ಲಿ, ಮೈಸೂರಿನಲ್ಲಿ ಸಮ್ಮೇಳನ ಸೇರಿದ ವರ್ಷವೇ. ಮೈಸೂರಿಗೆ ಆ ಹಕ್ಕು ಎಂದೂ ಬರಲಿಲ್ಲ. ಸುಂಕ, ನಾಣ್ಯ, ಪರದೇಶದ ವ್ಯವಹಾರ ಎಲ್ಲವೂ ಬ್ರಿಟಿಷರ ಕೈಯಲ್ಲಿ. ಅದರ ಮೇಲೆ ವರ್ಷಕ್ಕೆ 35 ಲಕ್ಷ ರೂಪಾಯಿ ಕಪ್ಪ ಬೇರೆ. 1928ರಲ್ಲಿ ಅದರಲ್ಲಿ ಹತ್ತೂವರೆ ಲಕ್ಷ ಇಳಿಸಿದರು. ಇತ್ತ ಜಪಾನ್ ಕಪ್ಪ ಕೊಡುವ ಬದಲು ತೆಗೆದುಕೊಳ್ಳುವ ದೇಶವಾಗಿತ್ತು: 1895ರಲ್ಲಿ ಚೀನಾದಿಂದ ಯುದ್ಧದಂಡ ವಸೂಲಿ ಮಾಡಿತು, ತೈವಾನನ್ನು ಕಿತ್ತುಕೊಂಡಿತು, 1910ರಲ್ಲಿ ಕೊರಿಯಾವನ್ನು ನುಂಗಿತು. ಮೈಸೂರಿನ ವೇದಿಕೆಗಳಲ್ಲಿ ಜಪಾನೆಂದರೆ ಶಾಲೆ, ಶಿಸ್ತು, ದುಡಿಮೆ. ಯುದ್ಧದಂಡ, ವಸಾಹತುಗಳ ಮಾತು ಅಲ್ಲಿ ಬಂದದ್ದು ಕಡಿಮೆ. ದಿವಾನರೊಬ್ಬರು ಬ್ರಿಟಿಷ್ ರೆಸಿಡೆಂಟರ ಕಣ್ಣೆದುರು ಸುಂಕದ ಹಕ್ಕಿನ ಮಾತೆತ್ತುವುದು ಸುಲಭವೂ ಆಗಿರಲಿಲ್ಲ.

ಇದೆಲ್ಲ ಬರಿಯ ಮಾತಲ್ಲ ಎಂಬುದು ರೇಷ್ಮೆಯಲ್ಲಿ ಕಾಣುತ್ತದೆ. ಜಮ್‌ಶೇಟ್‌ಜಿ ಟಾಟಾ 1893ರಲ್ಲಿ ಜಪಾನಿಗೆ ಹೋಗಿದ್ದರು. ಆ ಶತಮಾನ ಮುಗಿಯುವ ಹೊತ್ತಿಗೆ ಜಪಾನೀ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಹಾಕಿಸಿದರು. ಮುಂದೆ ಅದು ಸಾಲ್ವೇಷನ್ ಆರ್ಮಿಯ ಕೈಸೇರಿತು. ಬಸವನಗುಡಿಯ ಪಕ್ಕದ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಬಡಾವಣೆಯ ಹೆಸರಿನಲ್ಲಿ ಅದು ಉಳಿದಿದೆ. 1920ರ ದಶಕದಲ್ಲಿ ಜಪಾನಿನಿಂದ ಬಂದ ಸಿ. ನಿಚಿ ತಳಿಯನ್ನು ಮೈಸೂರು ತಳಿಯೊಡನೆ ಕೂಡಿಸಿ ಮಿಶ್ರತಳಿಯ ಮೊಟ್ಟೆ ಹಂಚತೊಡಗಿದರು. ಚನ್ನಪಟ್ಟಣ, ಕುಣಿಗಲ್ ಸೀಮೆಯ ಮನೆಗಳಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆಗಳು ತುಂಬಿದವು. ಹೀಗೆ ಗುರುವಾಗಿ ಬಂದ ಜಪಾನೇ ಹತ್ತು ವರ್ಷದೊಳಗೆ ಎದುರಾಳಿಯಾಯಿತು. 1929ರ ನಂತರದ ಜಾಗತಿಕ ಕುಸಿತದಲ್ಲಿ ರೇಷ್ಮೆಯ ಬೆಲೆ ನೆಲಕಚ್ಚಿತು, ಜಪಾನಿನ ಅಗ್ಗದ ನೂಲು ಮತ್ತು ಕೃತಕ ರೇಷ್ಮೆ ಭಾರತದ ಮಾರುಕಟ್ಟೆಗೆ ನುಗ್ಗಿದವು. ರೈತರು ಹಿಪ್ಪುನೇರಳೆ ಕಿತ್ತು ರಾಗಿ ಬಿತ್ತಿದರೂ ಮೈಸೂರು ಸರ್ಕಾರ ತನ್ನ ಗಡಿಯಲ್ಲಿ ಒಂದು ಕಾಸು ಸುಂಕ ಹಾಕುವಂತಿರಲಿಲ್ಲ. ಭಾರತದ ಸುಂಕ ಮಂಡಲಿ 1933ರಲ್ಲಿ ವಿಚಾರಣೆ ನಡೆಸಿ, 1934ರಲ್ಲಿ ದೆಹಲಿಯಿಂದ ರಕ್ಷಣೆ ಬರುವವರೆಗೆ ಕಾಯಬೇಕಾಯಿತು. ಹೋಲಿಕೆಯ ಇತಿಹಾಸದಲ್ಲಿ ನಿಜವಾದ ತಿರುವು ಇದು, 1911 ಅಲ್ಲ.

ಎರಡನೆಯ ಮಹಾಯುದ್ಧದ ನಂತರದ ಎರಡು ದಶಕಗಳನ್ನು ಬೇಗ ದಾಟಬಹುದು. 1953ರಲ್ಲಿ ದೇಶದಾದ್ಯಂತ ಜಪಾನ್ ಪದ್ಧತಿಯ ಬತ್ತದ ಬೇಸಾಯದ ಪ್ರಚಾರ ನಡೆಯಿತು: ಎತ್ತರದ ಮಡಿಯಲ್ಲಿ ಸಸಿ, ಕಡಿಮೆ ಬೀಜ, ಸಾಲುನಾಟಿ, ಸಾಲಿನ ನಡುವೆ ಕಳೆ ತೆಗೆಯುವ ಯಂತ್ರ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ, ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಬಾಂಬಿನಲ್ಲಿ ಬೆಂದ ದೇಶ ಹದಿನೈದೇ ವರ್ಷದಲ್ಲಿ ಮತ್ತೆ ಕಲಿಸುವ ಸ್ಥಾನಕ್ಕೆ ಬಂದದ್ದು ಸೋಜಿಗವೇ ಸರಿ.

ಹೋಲಿಕೆಯ ಪುಸ್ತಕಗಳು ಕಾಣದೇ ಬಿಟ್ಟ ಒಂದು ಜಾಗ ಮೈಸೂರಿನ ಬನ್ನಿಮಂಟಪ. ಜಂಬೂಸವಾರಿ ಬಂದು ಮುಗಿಯುವ, ಪಂಜಿನ ಕವಾಯತು ನಡೆಯುವ ಮೈದಾನವೆಂದು ಜನ ಇದನ್ನು ಬಲ್ಲರು. ಇದೇ ಬಡಾವಣೆಯಲ್ಲಿ, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಆರಂಭವಾದ ಮೈಸೂರು ಅರಗು ಮತ್ತು ಬಣ್ಣದ ಕಾರ್ಖಾನೆಯಿದೆ. ಸಂಸ್ಥಾನದ ಕಾಡಿನ ಅರಗನ್ನು ಮಾರಾಟದ ಸರಕಾಗಿಸುವುದು, ಅಂದರೆ ಕಚ್ಚಾಮಾಲನ್ನು ಹಾಗೇ ಹೊರಗೆ ಕಳಿಸದಿರುವುದು, ಅದರ ಉದ್ದೇಶ. ಆ ತಲೆಮಾರು ಜಪಾನಿನಲ್ಲಿ ಮೆಚ್ಚಿಕೊಂಡದ್ದೂ ಇದೇ ನೀತಿಯನ್ನು. ಸ್ವಾತಂತ್ರ್ಯದ ನಂತರ ಸರ್ಕಾರಿ ಕಂಪನಿಯಾಗಿ, 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರು ಪಡೆಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಇಲ್ಲಿಂದಲೇ ಹೋಗುತ್ತದೆ. ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲಿನ ಬೆವರಿನ ಉಪ್ಪಿನೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ತಾಗಿದಂತೆ ಕಪ್ಪಾಗುತ್ತದೆ. ನೀರಿಗೂ ಸಾಬೂನಿಗೂ ಜಗ್ಗುವುದಿಲ್ಲ, ಉಗುರು ಬೆಳೆದು ಕತ್ತರಿಸಿದಾಗಲೇ ಪೂರ್ತಿ ಹೋಗುವುದು. ಉಗುರಿನ ಬುಡದ ಚುಕ್ಕೆಯ ಬದಲು ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ ಎಳೆಯುವ ಕ್ರಮ 2006ರಿಂದ ಬಂತು. 2024ರ ಲೋಕಸಭಾ ಚುನಾವಣೆಗೆ ಹೋದ ಬಾಟಲಿಗಳು 26 ಲಕ್ಷಕ್ಕೂ ಹೆಚ್ಚು. ಕಾಂಬೋಡಿಯಾ, ನೇಪಾಳ ಮೊದಲಾದ ದೇಶಗಳಿಗೂ ಈ ಶಾಯಿ ಹೋಗಿದೆ. ಜಪಾನಿಗೆ ಇದರ ಅಗತ್ಯವಿಲ್ಲ.

ಜಪಾನಿನ ಮತದಾರರಿಗೆ ಮತಗಟ್ಟೆ ಪ್ರವೇಶದ ಚೀಟಿ ಅಂಚೆಯಲ್ಲಿ ಮನೆಗೆ ಬರುತ್ತದೆ. ಮತಗಟ್ಟೆಯಲ್ಲಿ ಅಲ್ಲಿನವರು ಪೆನ್ಸಿಲ್ ಹಿಡಿದು ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು. ಬರೆಯಲಾಗದವರಿಗೆ ಸಿಬ್ಬಂದಿ ಬರೆದುಕೊಡುತ್ತಾರೆ. ಮತಪತ್ರಕ್ಕೆ ಬಳಸುವ ಯೂಪೋ ಎಂಬ ಕೃತಕ ಕಾಗದ, ಮಡಿಸಿ ಪೆಟ್ಟಿಗೆಗೆ ಹಾಕಿದ ಮೇಲೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಎಣಿಸುವವರ ಕೆಲಸ ಹಗುರ. ಎಲ್ಲರೂ ಬರೆಯಬಲ್ಲರು, ಮನೆಯ ವಿಳಾಸ ಖಚಿತ, ದಾಖಲೆಯಲ್ಲಿ ಹೆಸರು ಒಂದೇ ಕಡೆ ಎಂಬ ನಂಬಿಕೆಯ ಮೇಲೆ ನಿಂತ ಪದ್ಧತಿ ಅದು. ಭಾರತ 1951–52ರಲ್ಲಿ ಮೊದಲ ಚುನಾವಣೆಗೆ ಹೊರಟಾಗ ಹೆಚ್ಚಿನವರಿಗೆ ಓದಲು ಬಾರದು. ಅದಕ್ಕೇ ಚಿಹ್ನೆ. ಒಬ್ಬರೇ ಎರಡು ಸಲ ಮತ ಹಾಕದಂತೆ ಶಾಯಿ. ಇನ್ನೊಂದು ಮಗ್ಗುಲೂ ಉಂಟು. ಜಪಾನ್ ಮೊದಲು ಅಕ್ಷರ ಕಲಿಸಿತು. ಗಂಡಸರೆಲ್ಲರಿಗೂ ಮತದ ಹಕ್ಕು 1925ರಲ್ಲಿ, ಹೆಂಗಸರಿಗೆ 1945ರ ಸೋಲಿನ ನಂತರ ಬಂತು. ಭಾರತ ಅಕ್ಷರಕ್ಕೆ ಕಾಯದೆ ಎಲ್ಲರಿಗೂ ಮತ ಕೊಟ್ಟಿತು. ವಿಶ್ವೇಶ್ವರಯ್ಯನವರ ತಲೆಮಾರಿನ ಹೋಲಿಕೆಯಲ್ಲಿ ಶಾಲೆಯ ಸಾಲು ಮೇಲಿತ್ತು, ಮತದ ಸಾಲಿಗೆ ಅಷ್ಟು ತೂಕವಿರಲಿಲ್ಲ. ಈ ಸಾಲನ್ನು ಸೇರಿಸಿದರೆ ಅಂತರದ ಚಿತ್ರ ಬೇರೆಯೇ ಆಗುತ್ತದೆ.

1991ರಿಂದೀಚೆಗೆ ರೇಷ್ಮೆಯ ಕಥೆ ತಿರುಗುಮುರುಗಾಯಿತು. 1930ರ ಹೊತ್ತಿಗೆ ಜಪಾನ್ ವರ್ಷಕ್ಕೆ ಸುಮಾರು 4 ಲಕ್ಷ ಟನ್ ಗೂಡು ಬೆಳೆಯುತ್ತಿತ್ತು, 20 ಲಕ್ಷಕ್ಕೂ ಮಿಕ್ಕಿದ ರೈತ ಮನೆಗಳು ಅದನ್ನು ನೆಚ್ಚಿದ್ದವು. ಕೂಲಿ ಏರಿ, ಹಳ್ಳಿಯ ಹೆಣ್ಣುಮಕ್ಕಳು ಕಾರ್ಖಾನೆ ಕಚೇರಿಗಳಿಗೆ ಹೋದಂತೆ ಅಲ್ಲಿ ಹುಳು ಸಾಕುವವರು ತೀರ ವಿರಳವಾದರು. ಆ ವಿದ್ಯೆ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯಾದ ಜೈಕಾ ಮೂಲಕ ಮೈಸೂರಿನ ಮಾನಂದವಾಡಿ ರಸ್ತೆಯ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಗೆ ಬಂತು. ದ್ವಿತಳಿ, ಅಂದರೆ ಬೈವೋಲ್ಟಿನ್, ನಮ್ಮ ಬಿಸಿಲಿಗೆ ತಡೆಯದು ಎಂಬುದು ಅದುವರೆಗಿನ ನಂಬಿಕೆ. ಸಿಎಸ್‌ಆರ್‌2, ಸಿಎಸ್‌ಆರ್‌4 ತಳಿಗಳು, ವಿ–1 ಹಿಪ್ಪುನೇರಳೆ, ವಾಸದ ಮನೆಯಿಂದ ದೂರದಲ್ಲಿ ಪ್ರತ್ಯೇಕ ಸಾಕಾಣಿಕೆ ಮನೆ, ಎಲೆ ಬಿಡಿಸದೆ ರೆಂಬೆಯನ್ನೇ ಹಾಕುವ ಕ್ರಮ, ಎರಡನೆಯ ಜ್ವರದವರೆಗೆ, ಅಂದರೆ ಎರಡನೆಯ ಸಲ ಪೊರೆ ಕಳಚುವವರೆಗೆ, ಮರಿಗಳನ್ನು ಚಾಕಿ ಕೇಂದ್ರದಲ್ಲೇ ಬೆಳೆಸಿ ಕೊಡುವುದು: ಇವೆಲ್ಲ ಸೇರಿ ಆ ನಂಬಿಕೆಯನ್ನು ಅಲುಗಿಸಿದವು. ಯೋಜನೆ ಹಂತಹಂತವಾಗಿ 2007ರವರೆಗೆ ನಡೆಯಿತು. ರಾಮನಗರದ ಮಾರುಕಟ್ಟೆಯಲ್ಲಿ ಸಿಬಿ ಎಂದು ಕರೆಯುವ ಮಿಶ್ರತಳಿಯ ಹಳದಿ ಗೂಡಿನ ಪಕ್ಕದಲ್ಲಿ ದ್ವಿತಳಿಯ ಬಿಳಿ ಗೂಡಿನ ರಾಶಿ ಹೆಚ್ಚಿದ್ದು ಇದರ ಕಣ್ಣಿಗೆ ಕಾಣುವ ಪರಿಣಾಮ. ಆದರೂ ಭಾರತದ ರೇಷ್ಮೆಯಲ್ಲಿ ಮಿಶ್ರತಳಿಯ ಪಾಲೇ ಇನ್ನೂ ದೊಡ್ಡದು.

ಅದೇ ರಾಮನಗರದ ರಸ್ತೆಯಲ್ಲಿ ಬಿಡದಿಯಿದೆ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಜಪಾನೀ ದುಡಿಮೆಯ ಕ್ರಮವನ್ನು ಹಳ್ಳಿಯ ಮಕ್ಕಳಿಗೆ ಕಲಿಸಲು 2007ರಲ್ಲಿ ತರಬೇತಿ ಶಾಲೆಯನ್ನೂ ತೆರೆಯಿತು. 2020ರ ಕೊನೆಯಲ್ಲಿ ಕೆಲಸದ ಒತ್ತಡದ ವಿಚಾರಕ್ಕೆ ದೀರ್ಘ ಮುಷ್ಕರ, ಬೀಗಮುದ್ರೆ ನಡೆದವು. ಶಿಸ್ತಿನ ಹೊಗಳಿಕೆ ಕೇಳಿದ್ದ ನಾಡು ಆ ಶಿಸ್ತಿನ ವೇಗವನ್ನು ಮೈಮೇಲೆ ಅನುಭವಿಸಿದ್ದು ಇಲ್ಲಿ.

ತೀರ ಈಚಿನ ವಿವಾದ ಒಟ್ಟು ಉತ್ಪನ್ನದ್ದು. 2025ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಆ ವರ್ಷದ ಅಂದಾಜಿನಲ್ಲಿ ಭಾರತಕ್ಕೆ 4.187 ಲಕ್ಷ ಕೋಟಿ ಡಾಲರ್, ಜಪಾನಿಗೆ 4.186 ಲಕ್ಷ ಕೋಟಿ ಡಾಲರ್ ಎಂದು ಬರೆಯಿತು. ಮೇ ತಿಂಗಳಲ್ಲಿ ನೀತಿ ಆಯೋಗದ ಮುಖ್ಯ ಕಾರ್ಯನಿರ್ವಾಹಕರು ಭಾರತ ನಾಲ್ಕನೆಯ ಸ್ಥಾನಕ್ಕೆ ಏರಿತೆಂದು ಹೇಳಿದರು. ಅದು ಮುಂದಿನ ಲೆಕ್ಕ, ಆಗಿಹೋದದ್ದಲ್ಲ ಎಂದು ಅರ್ಥಶಾಸ್ತ್ರಜ್ಞರು ಆಕ್ಷೇಪಿಸಿದರು. ಯೆನ್ನಿನ ಬೆಲೆ ಸ್ವಲ್ಪ ಅಲುಗಿದರೂ ಈ ಕ್ರಮಾಂಕ ಬದಲಾಗುತ್ತದೆ. ತಲಾ ಉತ್ಪನ್ನದಲ್ಲಿ ಜಪಾನ್ ಹತ್ತು ಪಟ್ಟಿಗೂ ಮೇಲಿದೆ, ಸರಾಸರಿ ಆಯುಸ್ಸಿನಲ್ಲಿ ಹನ್ನೆರಡು ವರ್ಷದಷ್ಟು ಮುಂದಿದೆ.

ಪತ್ರಿಕೆಗಳ ಕಣ್ಣಿಗೆ ಅಷ್ಟಾಗಿ ಬೀಳದ ಅಂಕಿ ಮತ್ತೊಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಹುಟ್ಟುವ ಮಕ್ಕಳ ಸರಾಸರಿ 1.7. ಜಪಾನ್ ಈ ಮಟ್ಟದಲ್ಲಿದ್ದದ್ದು 1980ರ ದಶಕದ ಕೊನೆಯಲ್ಲಿ. 2024ರಲ್ಲಿ ಅಲ್ಲಿನ ಸರಾಸರಿ 1.15, ನೂರಕ್ಕೆ 29 ಮಂದಿ 65 ದಾಟಿದವರು. ಇಳಿವಯಸ್ಸಿನ ಕಡೆಗೆ ಹೊರಟಾಗ ಜಪಾನ್ ಆಗಲೇ ಸಿರಿವಂತ ದೇಶ. ಕರ್ನಾಟಕ ಅದೇ ದಾರಿಗೆ ಅದರ ಆದಾಯದ ಸಣ್ಣ ಪಾಲನ್ನಷ್ಟೇ ಇಟ್ಟುಕೊಂಡು ಇಳಿದಿದೆ. ಪಿಂಚಣಿ, ಮುದುಕರ ಆರೈಕೆ, ಮನೆಯೊಳಗಿನ ಹೆಂಗಸರ ಲೆಕ್ಕಕ್ಕೆ ಸಿಗದ ದುಡಿಮೆ ಈಗ ಹೋಲಿಕೆಯ ಹೊಸ ಸಾಲುಗಳಾಗಿ ಸೇರುತ್ತಿವೆ.